ಮಂಗ ಸತ್ತರೆ ಉಣುಗು ಎಲ್ಲಿಗೆ ಹೋಗುತ್ತದೆ?

ಮಲೆನಾಡಿನಲ್ಲಿ ತವರಿದ್ದವರಿಗೆ ಮಂಗನ ಕಾಯಿಲೆ ಹೊಸ ಮಾತೇನಲ್ಲ. “ಮಂಗ ಸತ್ತಿದೆಯಂತೆ, ದರಗು ತರೋಕೆ ಹೋಗ್ಬೇಡ್ರೇ” ಎಂದು ಹಿರಿಯರು ಗದರಿದ್ದನ್ನು ನೀವೂ ಕೇಳಿರುತ್ತೀರಿ. ಆದರೆ ಆ ಕಾಯಿಲೆಯ ಗುಟ್ಟು ರಟ್ಟಾದದ್ದು ಹೇಗೆ, ಗೊತ್ತೇ?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಹಳ್ಳಿಯ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿಬಂದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ ನಮ್ಮಲ್ಲಿಗೂ ಬಂತೇ ಎಂಬ ದಿಗಿಲು ಅವರಿಗೆ. ಪರೀಕ್ಷಿಸಿದರೆ ಅದಲ್ಲ, ಹೊಸದೊಂದು ವೈರಸ್! ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು.

ಹರಡುವವರು ಯಾರು? ಕಾಡಿನ ನೆಲದ ಮೇಲೆ ಬಟ್ಟೆ ಎಳೆದುಕೊಂಡು ನಡೆದು, ಅಂಟಿದ ಉಣುಗುಗಳನ್ನು ಒಂದೊಂದಾಗಿ ಹೆಕ್ಕಿದರು. ಮಕ್ಕಳ ತಲೆಯ ಹೇನು ಹೆಕ್ಕಿದ ನಮಗೆ ಆ ತಾಳ್ಮೆ ಅರ್ಥವಾಗುತ್ತದೆ, ಬಿಡಿ. ಕಳ್ಳ ಸಿಕ್ಕಿದ್ದು ಅಲ್ಲೇ. ಗಸಗಸೆ ಕಾಳಿನಷ್ಟಿರುವ ಮರಿ ಉಣುಗು ಮನುಷ್ಯರನ್ನು ಕಚ್ಚುತ್ತದೆ, ಮಂಗನನ್ನೂ ಕಚ್ಚುತ್ತದೆ. ಮಂಗ ಸತ್ತೊಡನೆ ತಣ್ಣಗಾದ ಮೈ ಬಿಟ್ಟು ಉಣುಗುಗಳು ಅಲ್ಲೇ ನೆಲಕ್ಕಿಳಿಯುತ್ತವೆ. ಆ ಜಾಗವೇ ಅಪಾಯದ್ದು. ಪಾಪ, ಹೆಸರು ಕೆಟ್ಟದ್ದು ಮಾತ್ರ ಮಂಗನದು!

ಇನ್ನೊಂದು ಮಾತು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಬೆಳೆದ ಉಣುಗಿಗೆ ಊಟ ಹಾಕುವುದು ನಮ್ಮ ದನಗಳು. ಅವುಗಳ ರಕ್ತ ಹೀರಿ ಕೆಳಗೆ ಬಿದ್ದ ಉಣುಗು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ದನ ಮೇಯಿಸಿದ್ದೇ ರೋಗ ಏಳಲು ದಾರಿಯಾಯಿತೆಂದು ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲಿ ಬರೆದರು. ಹಾಗೆಂದು ದನ ಸಾಕುವುದನ್ನು ಬಿಡಲಾದೀತೇ? ಕೊಟ್ಟಿಗೆಗೆ ಸೊಪ್ಪು ಬೇಕೇ ಬೇಕು, ಒಲೆಗೆ ಸೌದೆ ಬೇಕು. ತರುವವರೂ ಹೆಚ್ಚಾಗಿ ಹೆಂಗಸರೇ.

ಮೊದಲು ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ. ಆದ್ದರಿಂದ ನವೆಂಬರಿನಿಂದ ಮೇ ತನಕ ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿಕೊಳ್ಳಿ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದರೆ ಕಷಾಯ ಕುಡಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ. ಇಳಿದ ಜ್ವರ ಕೆಲವರಿಗೆ ಒಂದೆರಡು ವಾರದ ಮೇಲೆ ಮರುಕಳಿಸುವುದೂ ಉಂಟು.

ಸತ್ತ ಮಂಗ ಕಂಡಿತೇ? ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ.