ಕಿತ್ತಳೆ ಮಾರಿ ಶಾಲೆ ತಂದ ಹಾಜಬ್ಬ

ಲಾಭ ಅಂದರೆ ಏನು?

ಹೊಸಪೇಟೆಗೆ ಹೋದರೆ ಬಾಳೆಹಣ್ಣಿನ ವ್ಯಾಪಾರ ನೋಡುತ್ತೇವೆ. ಕಂಪ್ಲಿ ಕಡೆ ಭತ್ತ, ಅಕ್ಕಿಯ ವ್ಯಾಪಾರ. ಸಂಡೂರಿನ ಲಂಬಾಣಿ ಅಕ್ಕಂದಿರು ಕಸೂತಿ ಹಾಕಿ ದುಡಿಯುತ್ತಾರೆ. ನಮ್ಮ ಯಶವಂತನಗರದಲ್ಲೂ ಕಾಯಿಪಲ್ಲೆ, ಹೂವು, ಮಂಡಕ್ಕಿ ಮಾರುವವರು ಇದ್ದಾರೆ. ಓದುವ ನಿಮ್ಮಲ್ಲೂ ಕೆಲವರು ವ್ಯಾಪಾರ ಮಾಡುವವರೇ.

ವ್ಯಾಪಾರದ ಲೆಕ್ಕ ನಿಮಗೆ ಗೊತ್ತು. ಬರೆದು ನೋಡೋಣ. ಒಬ್ಬಾಕೆ 400 ರೂಪಾಯಿ ಕೊಟ್ಟು ಹಣ್ಣು ತಂದಳು. 500 ರೂಪಾಯಿಗೆ ಮಾರಿದಳು. 100 ರೂಪಾಯಿ ಹೆಚ್ಚು ಬಂತು. ಬಸ್ಸಿಗೆ 20, ಚಹಾಕ್ಕೆ 10 ಹೋಯಿತು. ಕೈಯಲ್ಲಿ ಉಳಿದದ್ದು 70 ರೂಪಾಯಿ. ಹಾಕಿದ 400 ಬಂಡವಾಳ. ಉಳಿದ 70 ಲಾಭ.

ಈ 70 ರೂಪಾಯಿಯಲ್ಲಿ ಮೊದಲು ಒಲೆ ಉರಿಯಬೇಕು. ಮಕ್ಕಳ ಹೊಟ್ಟೆ ತುಂಬಬೇಕು. ಸಾಲದ ಕಂತು ಕಟ್ಟಬೇಕು. ಇನ್ನು ಊರಿಗೆ ಏನು ಮಾಡೋಕೆ ಆಗ್ತದೆ? ಅದೆಲ್ಲ ದೊಡ್ಡ ಸಾಹುಕಾರರ ಕೆಲಸ, ನಮ್ಮಂಥವರಿಂದ ಆಗೋದಲ್ಲ ಅಂತ ನಾವು ಅಂದುಕೊಳ್ಳುತ್ತೇವೆ.

ಹಂಗೆ ಅಂದುಕೊಳ್ಳದ ಒಬ್ಬ ಸಣ್ಣ ವ್ಯಾಪಾರಿ ಇದ್ದಾರೆ. ಅವರು ನಮ್ಮ ಕಡೆಯವರಲ್ಲ. ದೂರದ ಸಮುದ್ರದ ದಂಡೆಯ ಮಂಗಳೂರು ಕಡೆಯವರು. ಅವರ ಹೆಸರು ಹರೇಕಳ ಹಾಜಬ್ಬ.

ಒಂದು ಮಾತಿನ ನೋವು

ಮಂಗಳೂರಿನ ಹತ್ತಿರ ನೇತ್ರಾವತಿ ನದಿ ಹರಿಯುತ್ತದೆ. ನದಿಯ ಆಚೆ ಹರೇಕಳ ಎಂಬ ಊರಿದೆ. ಅಲ್ಲಿಯ ನ್ಯೂಪಡ್ಪು ಎಂಬ ಜಾಗ ಹಾಜಬ್ಬನವರ ಊರು. ಬಡತನದ ಮನೆ. ಅವರು ಶಾಲೆಗೆ ಹೋಗಲಿಲ್ಲ. ಅಕ್ಷರ ಕಲಿಯಲಿಲ್ಲ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಇಟ್ಟುಕೊಂಡು ಮಾರುತ್ತಿದ್ದರು. ದಿನಕ್ಕೆ ಸುಮಾರು 150 ರೂಪಾಯಿ ದುಡಿಮೆ ಅಂತ ಪತ್ರಿಕೆಗಳು ಬರೆದಿವೆ.

ಒಂದು ದಿನ ವಿದೇಶದ ಗಂಡ ಹೆಂಡತಿ ಬಂದರು. ಹಣ್ಣಿನ ಬೆಲೆ ಎಷ್ಟು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಹಾಜಬ್ಬನವರಿಗೆ ಅರ್ಥವಾಗಲಿಲ್ಲ. ಅವರಿಗೆ ಬರುತ್ತಿದ್ದುದು ತುಳು, ಬ್ಯಾರಿಯಂಥ ಊರ ಮಾತು ಮಾತ್ರ. ಉತ್ತರ ಹೇಳಲು ಆಗಲಿಲ್ಲ. ಬಂದವರು ಹಾಗೇ ಹೋದರು.

ಅಕ್ಕಂದಿರೇ, ಈ ನೋವು ನಮಗೆ ಹೊಸದಲ್ಲ. ಬಸ್ಸಿನ ಬೋರ್ಡು ಓದಲು ಬೇರೆಯವರನ್ನು ಕೇಳಬೇಕು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಬೇಕು. ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದಿದೆಯೋ ತಿಳಿಯದು. ಅಂಥ ಹೊತ್ತಿನಲ್ಲಿ ನಾವು ತಲೆ ತಗ್ಗಿಸುತ್ತೇವೆ, ನಮ್ಮ ಹಣೆಬರಹ ಅಂತ ಸುಮ್ಮನಾಗುತ್ತೇವೆ.

ಹಾಜಬ್ಬನವರು ಸುಮ್ಮನಾಗಲಿಲ್ಲ. ಅವರು ತಮ್ಮ ಊರಿನ ಮಕ್ಕಳ ಬಗ್ಗೆ ಯೋಚಿಸಿದರು. ನ್ಯೂಪಡ್ಪುವಿನಲ್ಲಿ ಆಗ ಶಾಲೆ ಇರಲಿಲ್ಲ. ಅಲ್ಲಿಯ ಮಕ್ಕಳೂ ನಾಳೆ ಇದೇ ರೀತಿ ಬಾಯಿ ಕಟ್ಟಿ ನಿಲ್ಲಬಾರದು. ಊರಿಗೆ ಶಾಲೆ ಬರಬೇಕು. ಇದೇ ಅವರ ಹಟ.

ಶಾಲೆ ಬರಬೇಕಾದರೆ ಏನೇನು ಬೇಕು?

ಗೋಡೆ ಕಟ್ಟಿದ ಮಾತ್ರಕ್ಕೆ ಶಾಲೆ ಆಗುವುದಿಲ್ಲ. ನಾಲ್ಕು ಸಂಗತಿ ಬೇಕು.

ಮೊದಲನೆಯದು ಮಂಜೂರಾತಿ. ಇಂಥ ಊರಿಗೆ ಶಾಲೆ ಕೊಟ್ಟಿದ್ದೇವೆ ಅಂತ ಸರಕಾರ ಒಪ್ಪಬೇಕು. ಎರಡನೆಯದು ಜಾಗ. ಮೂರನೆಯದು ಕಟ್ಟಡ. ನಾಲ್ಕನೆಯದು ಶಿಕ್ಷಕರು.

ಮಂಜೂರಾತಿ ಸುಮ್ಮನೆ ಬರುವುದಿಲ್ಲ. ಅರ್ಜಿ ಕೊಡಬೇಕು. ಕಚೇರಿಗೆ ಹೋಗಬೇಕು. ಇವತ್ತು ಬಾ, ನಾಳೆ ಬಾ ಅಂದರೆ ಮತ್ತೆ ಹೋಗಬೇಕು. ಓದು ಬಾರದ ಹಾಜಬ್ಬನವರು ಇದನ್ನೇ ಮಾಡಿದರು. ಶಾಸಕರಾಗಿದ್ದ ಯು. ಟಿ. ಫರೀದ್ ಅವರ ಬಳಿಯೂ ಕೇಳಿಕೊಂಡರು. ಕೊನೆಗೆ 1999ರಲ್ಲಿ ಶಾಲೆ ಮಂಜೂರಾಯಿತು.

ಆದರೆ ಕಟ್ಟಡ ಎಲ್ಲಿ? ಇರಲಿಲ್ಲ. ಅದಕ್ಕೆ ಕಾಯುತ್ತ ಕೂರಲಿಲ್ಲ. ಊರಿನ ಮದರಸದಲ್ಲೇ ಪಾಠ ಶುರುವಾಯಿತು. ಮೊದಲು ಸೇರಿದವರು 28 ಮಕ್ಕಳು.

ಹಾಜಬ್ಬನವರು ಹಣ್ಣು ಮಾರಿ ಉಳಿಸಿದ ದುಡ್ಡನ್ನು ಶಾಲೆಗೆ ಹಾಕಿದರು. ಅದು ಸಾಲದು ಅಂತ ಗೊತ್ತಿತ್ತು. ಉಳ್ಳವರ ಬಳಿ ಹೋಗಿ ಕೇಳಿದರು. ಜಾಗ ಆಯಿತು, ಕಟ್ಟಡ ಎದ್ದಿತು. ಆಮೇಲೆ ಪ್ರೌಢಶಾಲೆಯೂ ಬಂತು. 2020ರ ಹೊತ್ತಿಗೆ 10ನೇ ತರಗತಿಯವರೆಗೆ ಸುಮಾರು 175 ಮಕ್ಕಳು ಅಲ್ಲಿ ಓದುತ್ತಿದ್ದರು.

ಶಾಲೆ ಬಂದ ಮೇಲೆ ಅವರು ಯಜಮಾನನ ಹಾಗೆ ಕುಳಿತರೇ? ಇಲ್ಲ. ಶಾಲೆಯ ಅಂಗಳ ಗುಡಿಸಿದರು. ಮಕ್ಕಳಿಗೆ ಕುಡಿಯಲು ನೀರು ಕಾಯಿಸಿ ಇಟ್ಟರು. ನೋಡಿ, ಕಸ ಗುಡಿಸುವುದು, ನೀರು ಕಾಯಿಸುವುದು ನಾವು ದಿನವೂ ಮನೆಯಲ್ಲಿ ಮಾಡುವ ಕೆಲಸ. ಅದೇ ಕೆಲಸವನ್ನು ಅವರು ಊರಿನ ಮಕ್ಕಳಿಗಾಗಿ ಮಾಡಿದರು.

ಮನೆಯವರ ಪಾಲು

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ದುಡಿದದ್ದೆಲ್ಲ ಊರಿಗೆ ಹಾಕಿದರೆ ಮನೆಯ ಗತಿ ಏನ್ರೀ? ಸರಿಯಾದ ಪ್ರಶ್ನೆ. ಹಾಜಬ್ಬನವರಿಗೂ ಹೆಂಡತಿ ಮಕ್ಕಳು ಇದ್ದಾರೆ. ಹಣ್ಣಿನ ದುಡ್ಡು ಶಾಲೆಗೆ ಹೋದ ದಿನ ಮನೆಯಲ್ಲಿ ಯಾರೋ ಒಂದು ಆಸೆ ಬಿಟ್ಟುಕೊಟ್ಟಿರಲೇಬೇಕು. ಗಂಡಸು ಊರಿಗೆ ದುಡಿಯುವಾಗ ಮನೆಯ ಹೆಂಗಸು ಮನೆಯ ಭಾರ ಹೊರುತ್ತಾಳೆ. ಹೊಗಳಿಕೆಯಲ್ಲಿ ಅವಳ ಹೆಸರು ಬರುವುದು ಕಡಿಮೆ. ಅದಕ್ಕೇ ನಾವು ಇಲ್ಲಿ ಹೇಳುತ್ತೇವೆ. ಇಂಥ ಕೆಲಸದಲ್ಲಿ ಮನೆಯವರ ಪಾಲೂ ಇದೆ.

ಇನ್ನೊಂದು ಮಾತು. ಊರಿನ ಶಾಲೆ ಅಂದರೆ ಬೇರೆಯವರ ಶಾಲೆ ಅಲ್ಲ. ಊರು ಅಂದರೆ ನಮ್ಮ ನಮ್ಮ ಮನೆಗಳೇ. ಶಾಲೆ ದೂರ ಇದ್ದರೆ ಮೊದಲು ಶಾಲೆ ಬಿಡುವವಳು ಹುಡುಗಿ. ಅಷ್ಟು ದೂರ ಹೆಣ್ಣುಮಗಳನ್ನು ಹೆಂಗೆ ಕಳಿಸೋದು ಅಂತೀವಿ. ಬಾಗಿಲ ಹತ್ತಿರ ಶಾಲೆ ಬಂದರೆ ಆ ಹುಡುಗಿ ಓದುತ್ತಾಳೆ. ಅವಳು ಓದಿದರೆ ಅವಳ ಮಕ್ಕಳೂ ಓದುತ್ತಾರೆ.

ದೇಶ ಗುರುತಿಸಿತು

ಪತ್ರಿಕೆಗಳು ಹಾಜಬ್ಬನವರ ಬಗ್ಗೆ ಬರೆದವು. ಬಹುಮಾನಗಳು ಬಂದವು. ಬಹುಮಾನದ ಹಣವನ್ನೂ ಅವರು ಶಾಲೆಗೇ ಕೊಟ್ಟರು. 2020ರ ಜನವರಿಯಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಪ್ರಕಟಿಸಿತು. ಆ ಸುದ್ದಿ ಬಂದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು! 2021ರ ನವೆಂಬರ್ 8ರಂದು ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಪ್ರಶಸ್ತಿ ಕೊಟ್ಟರು. ಹಾಜಬ್ಬನವರು ಬಿಳಿ ಅಂಗಿ, ಬಿಳಿ ಪಂಚೆ ಉಟ್ಟು ಬರಿಗಾಲಲ್ಲಿ ನಡೆದು ಹೋಗಿ ಅದನ್ನು ತೆಗೆದುಕೊಂಡರು. ಅದರಿಂದ ದೇಶಕ್ಕೆಲ್ಲ ಅವರ ಶಾಲೆಯ ಕಥೆ ಗೊತ್ತಾಯಿತು.

ನಾವು ಏನು ಮಾಡಬಹುದು?

ನಾವೆಲ್ಲ ಹೊಸ ಶಾಲೆ ತರಬೇಕಾಗಿಲ್ಲ. ಇರುವ ಶಾಲೆಯನ್ನು ನೋಡಿಕೊಂಡರೂ ಅದು ದೊಡ್ಡ ಕೆಲಸ.

6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಬೇಕು ಅಂತ ಕಾನೂನು ಇದೆ. ಅದು 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸರಕಾರಿ ಶಾಲೆಗೆ ಒಂದು ಸಮಿತಿ ಇರಬೇಕು ಅಂತಲೂ ಅದರಲ್ಲಿ ಹೇಳಿದೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಂದಿರು ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ನಮ್ಮ ಕರ್ನಾಟಕದಲ್ಲಿ ಇದಕ್ಕೆ ಎಸ್‌ಡಿಎಂಸಿ ಅನ್ನುತ್ತೇವೆ.

ಹಾಗಾದರೆ ಆ ಅರ್ಧ ಜನ ಯಾರು? ನೀವೇ. ಸಭೆಗೆ ಕರೆದರೆ ಹೋಗಿ. ಕುಡಿಯುವ ನೀರು ಇದೆಯೇ, ಹುಡುಗಿಯರಿಗೆ ಶೌಚಾಲಯ ಇದೆಯೇ, ಬಿಸಿಯೂಟ ಸರಿಯಾಗಿದೆಯೇ ಅಂತ ಕೇಳಿ. ಇಲ್ಲದಿದ್ದರೆ ಅರ್ಜಿ ಬರೆಯಿರಿ. ಬರೆದದ್ದರ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ನಿಮ್ಮ ಮುಂದೆ ಬರುತ್ತದೆ. ಇಲ್ಲಿ ಸಹಿ ಹಾಕಿ ಅನ್ನುತ್ತಾರೆ. ಅವಸರ ಬೇಡ. ಹಾಜಬ್ಬನವರು ಅರ್ಜಿ ಹಿಡಿದು ಓಡಾಡಿದಾಗ ಅದರಲ್ಲಿ ಏನಿದೆ ಅಂತ ಬೇರೆಯವರೇ ಓದಿ ಹೇಳಬೇಕಿತ್ತು. ನಿಮಗೆ ಈಗ ಓದಲು ಬರುತ್ತದೆ. ಬೆರಳಿಟ್ಟು ನಿಧಾನವಾಗಿ ಓದಿ. ನೀವು ಹೇಳಿದ ಮಾತು ಅದರಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಬರೆಸಿ. ಆಮೇಲೆ ನಿಮ್ಮ ಹೆಸರು ಬರೆಯಿರಿ.