ಕಾವಲಿಗಿಟ್ಟ ಕ್ಯಾಮರಾ ಕಳ್ಳರ ಕೂಲಿಯಾಳು

2016ರ ಅಕ್ಟೋಬರ್ 21ರ ಬೆಳಿಗ್ಗೆ ಅಮೆರಿಕದ ಪೂರ್ವ ಕರಾವಳಿಯ ಜನರಿಗೆ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಮೊದಲಾದ ತಾಣಗಳು ಒಂದೊಂದಾಗಿ ಸಿಗದಾದವು. ಆ ತಾಣಗಳ ಕಂಪ್ಯೂಟರುಗಳೇನೂ ಕೆಟ್ಟಿರಲಿಲ್ಲ. ತಾಣದ ಹೆಸರು ಹೇಳಿದರೆ ಅದರ ಅಂಕಿಗಳ ವಿಳಾಸ ಹುಡುಕಿಕೊಡುತ್ತಿದ್ದ ‘ಡೈನ್’ ಎಂಬ ಸಂಸ್ಥೆಯ ಮೇಲೆ ಸುಳ್ಳು ವಿಚಾರಣೆಗಳ ಮಹಾಪೂರವೇ ನುಗ್ಗಿತ್ತು. ಊರಿನ ಮನೆಗಳೆಲ್ಲ ಇದ್ದಲ್ಲೇ ಇದ್ದು, ದಾರಿ ಹೇಳುವವನ ಬಾಯಿ ಮಾತ್ರ ಕಟ್ಟಿದಂತಾಯಿತು. ಈ ಪೂರ ಹರಿಸಿದವುಗಳಲ್ಲಿ ಬಹುಪಾಲು ಮನೆ, ಅಂಗಡಿಗಳ ಗೋಡೆಯ ಮೇಲಿದ್ದ ಕಾವಲು ಕ್ಯಾಮರಾಗಳು, ಅವುಗಳ ಚಿತ್ರ ಕೂಡಿಡುವ ಡಿವಿಆರ್ ಪೆಟ್ಟಿಗೆಗಳು ಮತ್ತು ರೂಟರುಗಳು! ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಮೂಲೆಯಲ್ಲಿ ಮಿಣುಕುದೀಪ ಹಚ್ಚಿಕೊಂಡು ಕೂತ ರೂಟರನ್ನು ನಾವು ಕಂಪ್ಯೂಟರ್ ಎಂದು ಎಣಿಸುವುದೇ ಇಲ್ಲ. ಆದರೆ ಅದರೊಳಗೂ ಸಂಸ್ಕಾರಕವಿದೆ, ಸ್ಮೃತಿಯಿದೆ, ತಂತ್ರಾಂಶವಿದೆ. ಹಗಲಿರುಳೂ ಅಂತರಜಾಲಕ್ಕೆ ಅಂಟಿಕೊಂಡೇ ಇರುತ್ತದೆ. ಇಲ್ಲದ್ದು ಒಂದೇ: ಅದರ ಕ್ಷೇಮ ವಿಚಾರಿಸುವ ಮನುಷ್ಯ.

ಇಂಥ ಅನಾಥ ಯಂತ್ರಗಳನ್ನು ಹುಡುಕಿ ಹಿಡಿದ ದುಷ್ಟ ತಂತ್ರಾಂಶದ ಹೆಸರು ‘ಮಿರಾಯ್’. ಜಪಾನಿ ಭಾಷೆಯಲ್ಲಿ ಹಾಗೆಂದರೆ ಭವಿಷ್ಯ. ಭವಿಷ್ಯದ ಹೆಸರು ಹೊತ್ತ ಇದು ನುಗ್ಗಿದ್ದು ಮಾತ್ರ ಬಹಳ ಹಳೆಯ ಬಾಗಿಲಿನಿಂದ. ದೂರದ ಕಂಪ್ಯೂಟರನ್ನು ಕೂತಲ್ಲಿಂದಲೇ ನಡೆಸುವ ‘ಟೆಲ್ನೆಟ್’ ಎಂಬ ಕ್ರಮ ಹುಟ್ಟಿದ್ದು 1969ರಲ್ಲಿ. ಆಗ ಜಾಲದಲ್ಲಿದ್ದವು ಬೆರಳೆಣಿಕೆಯ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳು, ಅಪರಿಚಿತರ ಭಯವಿರಲಿಲ್ಲ. ಅದೇ ಬಾಗಿಲನ್ನು ಅಗ್ಗದ ಕ್ಯಾಮರಾ ತಯಾರಕರು ಸುಮಾರು ಅರ್ಧ ಶತಮಾನ ಕಳೆದ ಮೇಲೂ ತೆರೆದೇ ಇಟ್ಟಿದ್ದರು.

ಮಿರಾಯ್ ಬಳಿ ಯಾವ ಮಹಾವಿದ್ಯೆಯೂ ಇರಲಿಲ್ಲ. ಇದ್ದದ್ದು ಅರವತ್ತು ಚಿಲ್ಲರೆ ಹೆಸರು-ಗುಪ್ತಪದಗಳ ಪಟ್ಟಿ: ‘ಅಡ್ಮಿನ್’, ‘12345’ ಇತ್ಯಾದಿ, ಕಾರ್ಖಾನೆಯಲ್ಲೇ ಹಾಕಿ ಕಳಿಸಿದ ಪದಗಳು. ಜಾಲದ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತ, ಈ ಕೀಲಿಗಳನ್ನು ತಿರುವಿ ನೋಡುತ್ತ ಹೋಗುವುದು, ತೆರೆದಲ್ಲಿ ಒಳಹೊಕ್ಕು ಕೂರುವುದು. ಕೂತ ಮೇಲೆ ಬೇರೆ ಕಳ್ಳರು ಬಾರದಂತೆ ಬಾಗಿಲು ಮುಚ್ಚುತ್ತಿತ್ತು! ಸೆರೆಸಿಕ್ಕ ಯಂತ್ರವೂ ಹೊಸ ಯಂತ್ರಗಳನ್ನು ಹುಡುಕತೊಡಗುತ್ತಿತ್ತು. ಹೀಗೆ ಒಂದು ಹಂತದಲ್ಲಿ ಸುಮಾರು 6 ಲಕ್ಷ ಯಂತ್ರಗಳು ಅದರ ವಶದಲ್ಲಿದ್ದವು. ಒಂದೊಂದರ ಶಕ್ತಿ ಅಲ್ಪ. ಆದರೆ ಹನಿಗೂಡಿದರೆ ಹಳ್ಳ. 2016ರ ಸೆಪ್ಟೆಂಬರಿನಲ್ಲಿ ಬ್ರಯಾನ್ ಕ್ರೆಬ್ಸ್ ಎಂಬ ಪತ್ರಕರ್ತರ ತಾಣದ ಮೇಲೆ ಸೆಕೆಂಡಿಗೆ 620 ಗಿಗಾಬಿಟ್‌ಗಳಷ್ಟು ಕಸ ಸುರಿದು ಅದನ್ನು ಮುಳುಗಿಸಿತು.

ಇದರ ಹಿಂದೆ ಯಾವ ಶತ್ರುರಾಷ್ಟ್ರವೂ ಇರಲಿಲ್ಲ. ಇದ್ದವರು ಇಪ್ಪತ್ತರ ಆಸುಪಾಸಿನ ಮೂವರು ಅಮೆರಿಕನ್ ಯುವಕರು. ‘ಮೈನ್‌ಕ್ರಾಫ್ಟ್’ ಆಟದ ಸರ್ವರುಗಳನ್ನು ಬಾಡಿಗೆಗೆ ಕೊಡುವ ದಂಧೆಯಲ್ಲಿ ಪ್ರತಿಸ್ಪರ್ಧಿಗಳನ್ನು ಕೆಡವುವ ಹುನ್ನಾರದಲ್ಲಿ ಇದು ಬೆಳೆದಿತ್ತು. ಪೊಲೀಸರ ಕಣ್ಣು ಬೀಳುತ್ತದೆಂಬ ಅಂಜಿಕೆ ಹುಟ್ಟಿದಾಗ ಅದರ ಮೂಲ ಬರಹವನ್ನೇ ಎಲ್ಲರೆದುರು ಚೆಲ್ಲಿಬಿಟ್ಟರು. ಅದನ್ನು ಹೆಕ್ಕಿಕೊಂಡವರು ಹಲವರು. ಡೈನ್ ಮೇಲಿನ ದಾಳಿಯೂ ಇಂಥವರದೇ. ಸೋನಿಯ ಆಟದ ಜಾಲಕ್ಕೆ ಗುರಿಯಿಟ್ಟು ಅದನ್ನು ನಡೆಸಿದ್ದಾಗಿ, ಆಗ ಇನ್ನೂ ಬಾಲಕನಾಗಿದ್ದ ಒಬ್ಬ 2020ರಲ್ಲಿ ಒಪ್ಪಿಕೊಂಡ. 2016ರ ನವೆಂಬರಿನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಹದಗೆಟ್ಟದ್ದೂ ಇದರ ಇನ್ನೊಂದು ತಳಿಯಿಂದ. ಮೂವರು ಯುವಕರು 2017ರಲ್ಲಿ ತಪ್ಪೊಪ್ಪಿಕೊಂಡರು. ತನಿಖೆಗೆ ನೆರವಾದ ಕಾರಣ ಮರುವರ್ಷ ಸೆರೆಮನೆಯ ಬದಲು 5 ವರ್ಷದ ನಿಗಾವಣೆ, 2,500 ಗಂಟೆಗಳ ಸೇವೆ ಮತ್ತು ಪರಿಹಾರಧನದ ಶಿಕ್ಷೆಯಾಯಿತು.

ನಮ್ಮ ನಾಡಿಗೂ ಇದರ ಬಿಸಿ ತಟ್ಟದೆ ಇರಲಿಲ್ಲ. 2017ರ ಜುಲೈಯಲ್ಲಿ ಕರ್ನಾಟಕದಲ್ಲೂ ಬಿಎಸ್ಎನ್ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ದುಷ್ಟ ತಂತ್ರಾಂಶದ ಹೊಡೆತಕ್ಕೆ ಸಿಕ್ಕಿ ನಿಷ್ಕ್ರಿಯವಾದವು. ಪೆಟ್ಟು ತಿಂದವು ಹೆಚ್ಚಾಗಿ ‘ಅಡ್ಮಿನ್’ ಎಂಬ ಗುಪ್ತಪದ ಬದಲಿಸದವು. ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಆಗ ಸೂಚಿಸಿತು.

ಈ ರೋಗ ಏಕೆ ನಿಲ್ಲುವುದಿಲ್ಲ? ನೋವು ಒಬ್ಬರದು, ಗಾಯ ಇನ್ನೊಬ್ಬರದು ಎನ್ನುವಂತಿದೆ ಇದರ ಬಗೆ. ಸೆರೆಯಾದ ಕ್ಯಾಮರಾ ಎಂದಿನಂತೆ ಚಿತ್ರ ತೋರಿಸುತ್ತಲೇ ಇರುತ್ತದೆ. ಮಾಲೀಕನಿಗೆ ನಷ್ಟ ಕಾಣದು. ಮಾರಿ ಕೈತೊಳೆದುಕೊಂಡ ತಯಾರಕನಿಗೂ ನಷ್ಟವಿಲ್ಲ. ಪೆಟ್ಟು ತಿನ್ನುವವನು ಎಲ್ಲೋ ದೂರದ ಮೂರನೆಯವನು. ಮಾರುಕಟ್ಟೆ ತಾನಾಗಿ ತಿದ್ದಿಕೊಳ್ಳದ ಇಂಥ ಕಡೆ ಕಾನೂನೇ ಬರಬೇಕಾಯಿತು. ಕ್ಯಾಲಿಫೋರ್ನಿಯಾ 2020ರಿಂದ, ಬ್ರಿಟನ್ 2024ರ ಏಪ್ರಿಲ್‌ನಿಂದ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗುಪ್ತಪದ ಹಾಕಿ ಮಾರುವುದಕ್ಕೆ ತಡೆಯೊಡ್ಡಿವೆ.

ಮಿರಾಯ್ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ವಾಸಿಸುತ್ತಿತ್ತು. ಸ್ವಿಚ್ ಆರಿಸಿ ಹಾಕಿದರೆ ಅಳಿದುಹೋಗುತ್ತಿತ್ತು. ಗುಪ್ತಪದ ಹಳೆಯದೇ ಆಗಿದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತಿತ್ತು. ಆದ್ದರಿಂದ ರೂಟರಿನ ಗುಪ್ತಪದ ಬದಲಿಸುವುದು, ತಯಾರಕರು ಕೊಡುವ ಹೊಸ ತಂತ್ರಾಂಶ ಹಾಕಿಸುವುದು, ಹೊರಗಿನಿಂದ ನಡೆಸುವ ಸೌಲಭ್ಯ ಬೇಡವಾದರೆ ಮುಚ್ಚುವುದು - ಇಷ್ಟನ್ನು ಮನೆಯವರೇ ಮಾಡಬಹುದು. ಗುಪ್ತಪದ ಬದಲಿಸಲು ಬಾರದಂಥ ಪೆಟ್ಟಿಗೆಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳದಿರುವುದೇ ಲೇಸು. ನಮ್ಮ ಮನೆಯ ಬೀಗ ಭದ್ರವಾಗಿದ್ದರೆ ಇಲ್ಲಿ ಉಳಿಯುವುದು ನೆರೆಯವನ ಮನೆ.