ಚಾಮುಂಡಿ ಬೆಟ್ಟದ ಸುತ್ತಿನ ವಿರಳ ಪಕ್ಷಿಗಳೂ ಅವುಗಳ ಹೆಸರುಗಳೂ

ಮೈಸೂರಿನ ಆಗ್ನೇಯಕ್ಕೆ ಸಮುದ್ರಮಟ್ಟದಿಂದ ಸುಮಾರು ೩೪೮೯ ಅಡಿ ಎತ್ತರವಾಗಿ ನಿಂತಿರುವ ಚಾಮುಂಡಿ ಬೆಟ್ಟಕ್ಕೆ ಮಹಾಬಲಾದ್ರಿಯೆಂಬ ಹಳೆಯ ಹೆಸರೂ ಉಂಟು. ದೊಡ್ಡ ದೇವರಾಜ ಒಡೆಯರ ಕಾಲದವೆಂದು ಪ್ರಸಿದ್ಧವಾದ ಸಾವಿರ ಮೆಟ್ಟಿಲುಗಳನ್ನು ಹತ್ತುವವನು ನಂದಿಯ ಬಳಿ ದಣಿವಾರಿಸಿಕೊಂಡು ತಲೆಯೆತ್ತಿದರೆ ಆಕಾಶದಲ್ಲಿ ಸುತ್ತುತ್ತಿರುವ ಹಕ್ಕಿಗಳು ಕಾಣಿಸುವುವು. ಅವು ಏನೆಂದು ಕೇಳಿದರೆ 'ಹದ್ದು' ಎಂಬ ಒಂದೇ ಉತ್ತರ ಬರುತ್ತದೆ. ಬಾಲ ಕವಲೊಡೆದ ಕಂದುಬಣ್ಣದ್ದೂ ಹದ್ದೇ. ರಣರಂಗದಲ್ಲಿ ಹೆಣಗಳ ಮೇಲೆ ಎರಗುವುದೆಂದು ಕಾವ್ಯಗಳು ವರ್ಣಿಸುವುದೂ ಹದ್ದೇ. ಬಿಳಿಯ ತಲೆಯೂ ಕೆಂಗಂದು ಮೈಯೂ ಉಳ್ಳದ್ದಕ್ಕೆ ಮಾತ್ರ, ಕೈಮುಗಿಯುವ ವಾಡಿಕೆಯಿಂದಲೋ ಏನೋ, ಗರುಡನೆಂಬ ಪ್ರತ್ಯೇಕ ನಾಮವು ದೊರೆತಿದೆ.

ಸಂಸ್ಕೃತ ಕೋಶಕಾರರು ಈ ವಿಷಯದಲ್ಲಿ ಹೆಚ್ಚು ಎಚ್ಚರಿಕೆಯಿಂದ ನಡೆದಿರುವರು. ಅಮರಸಿಂಹನು ಸಿಂಹಾದಿವರ್ಗದಲ್ಲಿ ಆತಾಯಿ, ಚಿಲ್ಲ ಎಂಬ ಎರಡನ್ನು ಒಂದು ಪಕ್ಷಿಗೂ, ದಾಕ್ಷಾಯ್ಯ, ಗೃಧ್ರ ಎಂಬ ಎರಡನ್ನು ಬೇರೊಂದು ಪಕ್ಷಿಗೂ ಹೇಳಿ, ಶ್ಯೇನವನ್ನು ಇವೆರಡರಿಂದಲೂ ಬೇರೆಯಾಗಿ ಇಟ್ಟಿದ್ದಾನೆ. ಚಿಲ್ಲವೇ ಊರಿನ ಮೇಲೆ ಹಾರುವ ಹದ್ದು, ಗೃಧ್ರವು ರಣಹದ್ದು, ಶ್ಯೇನವು ಬೇಟೆಯ ಡೇಗೆಯ ಜಾತಿಯದು. 'ರಣ' ಎಂಬ ವಿಶೇಷಣವನ್ನು ಬಿಟ್ಟು ಗೃಧ್ರಕ್ಕೆ ಬರಿಯ 'ಹದ್ದು' ಎಂದು ಅರ್ಥ ಬರೆದ ಕೂಡಲೆ ಕೋಶಕಾರನು ಬೇರ್ಪಡಿಸಿಟ್ಟ ಎರಡು ಪ್ರಾಣಿಗಳು ಒಂದಾಗಿಬಿಡುವುವು.

ಈ ತಪ್ಪು ಹಿಂದೆ ಅಷ್ಟಾಗಿ ಬಾಧಕವಾಗಿರಲಿಲ್ಲ. ಊರ ಹೊರಗೆ ದನ ಸತ್ತು ಬಿದ್ದರೆ ಗೃಧ್ರಗಳು ಗುಂಪಾಗಿ ಇಳಿಯುತ್ತಿದ್ದುವು. ಬೋಳುಕತ್ತು, ಬಾಗಿದ ಕೊಕ್ಕು, ವಿಶಾಲವಾದ ರೆಕ್ಕೆಗಳನ್ನು ಕಣ್ಣಾರೆ ಕಂಡ ಹುಡುಗನಿಗೆ ಟೀಕೆಯ ಅಗತ್ಯವಿರಲಿಲ್ಲ. ಈಗಿನ ಸ್ಥಿತಿ ಹಾಗಿಲ್ಲ. ಬಿಳಿಬೆನ್ನಿನ ರಣಹದ್ದು ೧೯೯೨ರಿಂದ ೨೦೦೭ರ ವರೆಗಿನ ಹದಿನೈದು ವರ್ಷಗಳಲ್ಲಿ ಭಾರತದಲ್ಲಿ ನೂರಕ್ಕೆ ೯೯ಕ್ಕಿಂತಲೂ ಹೆಚ್ಚಾಗಿ ನಾಶವಾಯಿತೆಂದು ಗಣತಿಕಾರರು ನಿರ್ಣಯಿಸಿದರು. ಉದ್ದಕೊಕ್ಕಿನ ರಣಹದ್ದಿನ ಗತಿಯೂ ಹೆಚ್ಚು ಕಡಿಮೆ ಅದೇ. ಇದಕ್ಕೆ ಬೇಟೆಯಾಗಲಿ ಕ್ಷಾಮವಾಗಲಿ ಕಾರಣವಲ್ಲ. ದನಗಳ ನೋವಿಗೂ ಬಾವಿಗೂ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವು ಕಾರಣವೆಂದು ೨೦೦೪ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಥಾಪಿತವಾಯಿತು. ಔಷಧ ಪಡೆದು ಸ್ವಲ್ಪಕಾಲದಲ್ಲೇ ಸತ್ತ ದನದ ಮಾಂಸವನ್ನು ತಿಂದ ಪಕ್ಷಿಯ ಮೂತ್ರಪಿಂಡಗಳು ಕೆಡುವುವು. ಹೊರಹೋಗಬೇಕಾದ ಯೂರಿಕ್ ಆಮ್ಲವು ಒಳಗಿನ ಅಂಗಗಳ ಮೇಲೆ ಸುಣ್ಣದಂತೆ ಕಟ್ಟಿಕೊಳ್ಳುವುದು. ಕೆಲವೇ ದಿನಗಳಲ್ಲಿ ಮರಣ. ಒಂದು ಹೆಣದ ಸುತ್ತ ಹತ್ತಾರು ಪಕ್ಷಿಗಳು ಸೇರುವುದರಿಂದ ಒಂದು ದನವೇ ಒಂದು ಗುಂಪಿಗೆ ಸಾಕಾಗುತ್ತಿತ್ತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಈ ಕುಲಕ್ಕೆ ಅಂಥ ನಷ್ಟವನ್ನು ತುಂಬಿಕೊಳ್ಳುವ ಶಕ್ತಿಯಿಲ್ಲ. ಪಶುಚಿಕಿತ್ಸೆಯಲ್ಲಿ ಆ ಔಷಧವು ೨೦೦೬ರಲ್ಲಿ ನಿಷಿದ್ಧವಾಯಿತು. ಅದೇ ಬಗೆಯ ಅಸಿಕ್ಲೋಫಿನಾಕ್, ಕೀಟೋಪ್ರೊಫೆನ್ ಎಂಬುವು ೨೦೨೩ರಲ್ಲಿ. ರಾಮನಗರದ ರಾಮದೇವರ ಬೆಟ್ಟವನ್ನು ೨೦೧೨ರಲ್ಲಿ ರಣಹದ್ದುಗಳ ಧಾಮವೆಂದು ಸಾರಲಾಯಿತು. ಬಂಡೆಯ ಅಂಚುಗಳಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ಜಾತಿಯೇ ಅಲ್ಲಿನ ಮುಖ್ಯ ನಿವಾಸಿ. ಮೈಸೂರಿನ ದಕ್ಷಿಣಕ್ಕೂ ಪಶ್ಚಿಮಕ್ಕೂ ಇರುವ ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಬಿಳಿಬೆನ್ನಿನದೂ ಕೆಂಪುತಲೆಯದೂ ಅಷ್ಟಿಷ್ಟು ಉಳಿದಿವೆ. ಆದುದರಿಂದ ಜಟಾಯುವಿನ ಪ್ರಸಂಗವನ್ನೋ ಕುರುಕ್ಷೇತ್ರದ ವರ್ಣನೆಯನ್ನೋ ಪಾಠಹೇಳುವ ಉಪಾಧ್ಯಾಯನು ಗೃಧ್ರವೆಂದರೆ ಹದ್ದೆಂದು ಹೇಳಿ ಮುಂದೆ ಸಾಗಿದರೆ, ಕೇಳಿದ ವಿದ್ಯಾರ್ಥಿಯು ಬೀದಿಯ ಮೇಲೆ ಹಾರುವ ಚಿಲ್ಲವನ್ನೇ ದಶರಥನ ಸಖನನ್ನಾಗಿ ಭಾವಿಸುವನು. ಅವನನ್ನು ತಿದ್ದಲು ಬೇಕಾದ ಪಕ್ಷಿಯು ಕಣ್ಣೆದುರಿಗೆ ಇಲ್ಲ.

ಹಂಸದ ವಿಷಯವು ಇನ್ನೂ ಸ್ವಾರಸ್ಯವಾದುದು. ಬೆಟ್ಟದ ದಕ್ಷಿಣಕ್ಕೆ, ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಹೇಮಂತದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವುವು. ಬೂದುಬಣ್ಣದ ಮೈ, ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳು, ಹಳದಿಯ ಕೊಕ್ಕು ಮತ್ತು ಕಾಲು. ಇಷ್ಟು ಇವುಗಳ ಗುರುತು. ಇವುಗಳ ಹುಟ್ಟೂರು ಟಿಬೆಟ್ಟು, ಲಡಾಖು, ಮಂಗೋಲಿಯ ದೇಶಗಳ ಎತ್ತರದ ಸರೋವರಗಳು. ಹಿಮಾಲಯವನ್ನು ದಾಟಿ ಬರುವ ಈ ಪಕ್ಷಿಯನ್ನು ಕಂಡಾಗ ಮಾನಸ ಸರೋವರದ ಮಾತೂ ಕ್ರೌಂಚಪರ್ವತದ ಬಿಲದ ಮೂಲಕ ಹಂಸಗಳು ಹಾದುಹೋಗುವ ಕಥೆಯೂ ಯಾವ ಸಂಸ್ಕೃತಜ್ಞನಿಗೂ ನೆನಪಾಗದೆ ಇರದು. ಆದರೆ ಒಡನೆಯೇ ಇದು ರಾಜಹಂಸವೆಂದು ಹೇಳುವುದು ಸಾಹಸ. ಅಮರನು ಹಂಸಭೇದಗಳನ್ನು ಕೊಕ್ಕು ಕಾಲುಗಳ ಬಣ್ಣದಿಂದ ವಿಭಾಗಿಸಿದ್ದಾನೆ: ಬಿಳಿಯ ಮೈಗೆ ಕೆಂಪು ಕೊಕ್ಕುಕಾಲುಗಳಿದ್ದರೆ ರಾಜಹಂಸ, ಮಾಸಲಾಗಿದ್ದರೆ ಮಲ್ಲಿಕಾಕ್ಷ, ಕಪ್ಪಾಗಿದ್ದರೆ ಧಾರ್ತರಾಷ್ಟ್ರ. ಇಂದಿನ ಪಕ್ಷಿಶಾಸ್ತ್ರಜ್ಞರೂ ಬಾತುಗಳನ್ನು ಗುರುತಿಸುವಾಗ ಈ ಅಂಗಗಳನ್ನೇ ಮೊದಲು ನೋಡುವರೆಂಬುದು ಗಮನಾರ್ಹ. ಮೈಸೂರಿನ ಸೀಮೆಗೆ ಬರುವ ಬೂದುಬಣ್ಣದ ಈ ಅತಿಥಿಗೆ ರಾಜಹಂಸದ ಲಕ್ಷಣವು ಹೊಂದುವುದಿಲ್ಲ; ಕಾದಂಬ ಅಥವಾ ಕಲಹಂಸವೆಂಬ ಪದವು ಹೆಚ್ಚು ಸಮೀಪವೆಂದು ತೋರುತ್ತದೆ. ಕೆ. ಎನ್. ದವೆ ಅವರು ೧೯೮೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಂಸ್ಕೃತ ವಾಙ್ಮಯದ ಪಕ್ಷಿನಾಮಗಳನ್ನು ಹೀಗೆಯೇ ಒಂದೊಂದಾಗಿ ಪರಿಶೀಲಿಸಿರುವರು.

ಇನ್ನೊಂದು ತೊಡಕೂ ಇದೆ. ಮುಂಗಾರಿನ ಮೊದಲ ಗುಡುಗಿಗೆ ಹಂಸಗಳು ಮಾನಸಕ್ಕೆ ಹೊರಡುವುವೆಂಬುದು ಕವಿಗಳ ಮಾತು. ಹೆಬ್ಬಾತುಗಳಾದರೋ ಮಳೆಗಾಲಕ್ಕೆ ಬಹಳ ಮುಂಚೆ, ಫಾಲ್ಗುಣ ಚೈತ್ರಗಳ ಹೊತ್ತಿಗೇ, ಕೆರೆಯನ್ನು ಬಿಟ್ಟಿರುತ್ತವೆ. ದಿಕ್ಕು ಸರಿ, ಕಾಲ ಸರಿಯಲ್ಲ. ಇಲ್ಲಿ ಕವಿಸಮಯವು ಪ್ರತ್ಯಕ್ಷವನ್ನು ಋತುವರ್ಣನೆಗೆ ತಕ್ಕಂತೆ ಎಳೆದುಕೊಂಡಿದೆಯೆಂದು ಹೇಳದೆ ವಿಧಿಯಿಲ್ಲ.

ಬೆಟ್ಟದ ಬುಡದ ಕಾರಂಜಿ ಕೆರೆ, ಊರಿನ ಪಶ್ಚಿಮದ ಕುಕ್ಕರಹಳ್ಳಿ ಕೆರೆಗಳಲ್ಲಿ ಕಾಣುವ ಹೆಜ್ಜಾರ್ಲೆಯ ಹೆಸರು ಅಚ್ಚಗನ್ನಡ. ಹೆಜ್ಜೇನು ಎಂಬಲ್ಲಿರುವಂತೆಯೇ ಇಲ್ಲಿಯೂ 'ಹಿರಿದು' ಎಂಬುದು ಸಮಾಸದಲ್ಲಿ ಸೇರಿದಂತೆ ತೋರುತ್ತದೆ. ಕೊಕ್ಕಿನ ಕೆಳಗೆ ಚೀಲವುಳ್ಳ ಈ ಮಹಾಕಾಯ ಪಕ್ಷಿಯು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಣ ಮರಗಳಲ್ಲೇ ಗೂಡುಕಟ್ಟುವುದು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಗಳಂತೆ ಗ್ರಾಮಸ್ಥರು ಅದನ್ನು ಕಾಣುವರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಸಲೀಂ ಅಲಿ ಅವರ ಪ್ರೇರಣೆಯಿಂದ ೧೯೪೦ರಲ್ಲಿ ಪಕ್ಷಿಧಾಮವಾಯಿತು. ಅವರು ನಡೆಸಿದ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯು ೧೯೪೨-೪೩ರಲ್ಲಿ ಪ್ರಕಟವಾಗಿ ಇಂದಿಗೂ ಆಧಾರಗ್ರಂಥವಾಗಿದೆ.

ಬಂಡೆಗಳ ಸಂದಿನಲ್ಲಿ ಹಗಲು ಕಳೆದು ಸಂಜೆ ಹೊರಡುವ ಕೊಂಬಿನ ಗೂಬೆಯು ಇಂಥ ಕಲ್ಲುಬೆಟ್ಟಗಳಿಗೆ ಸಲ್ಲುವ ಪಕ್ಷಿ. ಕೊಂಬೆಂಬುದು ಕಿವಿಯ ಮೇಲೆ ನಿಮಿರಿದ ಗರಿ ಮಾತ್ರ. ಅಪಶಕುನವೆಂದು ಇದನ್ನು ಅಟ್ಟುವುದೂ ಮಾಟಕ್ಕೆಂದು ಕೊಲ್ಲುವುದೂ ಇನ್ನೂ ನಿಂತಿಲ್ಲ. ಸಪ್ತಮಾತೃಕೆಯರಲ್ಲಿ ಒಬ್ಬಳಾದ ಚಾಮುಂಡೆಗೆ ಗೂಬೆಯೇ ವಾಹನವೆಂಬ ಪಕ್ಷವೂ ಮೂರ್ತಿಶಾಸ್ತ್ರದಲ್ಲಿ ಉಂಟು. ಬೆಟ್ಟದ ಮೇಲಿನ ದೇವಿಯಾದರೋ ಮಹಿಷಮರ್ದಿನಿ, ಸಿಂಹವಾಹನೆ. ದೇವಿಯ ಹೆಸರಿನಲ್ಲೇ ಹರಕೆ ಹೊತ್ತು ಬರುವವರು ಆಕೆಯ ವಾಹನಕ್ಕೆ ಕಲ್ಲೆಸೆಯುವುದು ವಿಚಿತ್ರವೇ ಸರಿ.

ಕಡೆಯದಾಗಿ ಹಳದಿಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಬೆಟ್ಟಗಳನ್ನು ಬಿಟ್ಟು ಪ್ರಪಂಚದಲ್ಲಿ ಮತ್ತೆಲ್ಲಿಯೂ ಇಲ್ಲದ ಈ ಪಕ್ಷಿಯನ್ನು ೧೮೪೫ರಲ್ಲಿ ಜರ್ಡನ್ ಎಂಬ ಆಂಗ್ಲ ವೈದ್ಯರು ವರ್ಣಿಸಿದರು. ನಂದಿ, ಸಾವನದುರ್ಗ, ದೇವರಾಯನದುರ್ಗಗಳು ಇದರ ಪ್ರಸಿದ್ಧ ನೆಲೆಗಳು. ಚಾಮುಂಡಿ ಬೆಟ್ಟದ ಪೊದೆಗಳಲ್ಲಿ ಗಂಟಲ ಬಳಿ ತುಸು ಹಳದಿಯಿರುವ ಪಿಕಳಾರವನ್ನು ಕಂಡವನು ಅವಸರಪಡಬಾರದು. ಕಣ್ಣಿನ ಮೇಲೆ ಬಿಳಿಯ ಹುಬ್ಬಿದ್ದರೆ ಅದು ಎಲ್ಲೆಡೆಯೂ ಸಿಗುವ ಬಿಳಿಹುಬ್ಬಿನ ಪಿಕಳಾರ; ತಲೆಯೂ ಕೊರಳೂ ಒಂದೇ ಸಮನಾಗಿ ಹಳದಿ ಛಾಯೆಯಿಂದ ಕೂಡಿ, ಹುಬ್ಬಿನ ಗೆರೆಯೇ ಇಲ್ಲದಿದ್ದರೆ ಮಾತ್ರ ಅದು ಜರ್ಡನ್ನರ ಪಕ್ಷಿ.